ಹಕ್ಕಿ ಹಣ್ಣು ತೊಳೆದು ತಿನ್ನುತ್ತಾ?

ಈ ಪ್ರಶ್ನೆ ನನ್ನದಲ್ಲ, ಮಗಳದ್ದು.

ಮೂರು ವಾರದ ಹಿಂದೆ ಒಂದು ಭಾನುವಾರ ಬೆಳಿಗ್ಗೆ, ಹಿತ್ತಲಿನ ಸೀಬೆ ಮರದಿಂದ ನಾಲ್ಕು ಹಣ್ಣು ಕಿತ್ತು ತಂದು ನಲ್ಲಿ ಕೆಳಗೆ ಹಿಡಿದಿದ್ದೆ. ತೊಳೆದ ನೀರು ತೆಳು ಕಾಫಿಯ ಬಣ್ಣದಲ್ಲಿ ಇಳಿಯಿತು. ಒರೆಸಿದ ಬಿಳಿ ಬಟ್ಟೆಯ ಮೇಲೆ ಕಪ್ಪು ಪಟ್ಟೆ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಮಗಳು (ನಾಲ್ಕನೇ ಕ್ಲಾಸು, ಪ್ರಶ್ನೆ ಕೇಳುವುದರಲ್ಲಿ ಪಿಎಚ್‌ಡಿ) "ಅಪ್ಪಾ, ಹಕ್ಕಿ ಹಣ್ಣು ತೊಳೆದು ತಿನ್ನುತ್ತಾ?" ಅಂದಳು. "ಇಲ್ಲ ಪುಟ್ಟಾ" ಅಂದೆ. "ಹಾಗಾದ್ರೆ ಈ ಕಪ್ಪೆಲ್ಲಾ ಅದರ ಹೊಟ್ಟೆಗೇ ಹೋಗುತ್ತಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. "ಹಲ್ಲುಜ್ಜಿದ್ಯಾ?" ಅಂತ ಮಾತು ತಿರುಗಿಸಿದೆ :-)

ಆದರೆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಮೂರು ವಾರ ಆಫೀಸಿನಿಂದ ಬಂದ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಒಂದು ಹಣ್ಣಿನ ಮೇಲಿನ ಮಸಿಯ ಹಿಂದೆ ಹೋದರೆ ನಮ್ಮ ಹೊಸಕೆರೆಹಳ್ಳಿಯ ಕಥೆ ಸಿಕ್ಕಿತು, ನಮ್ಮ ಮನೆಯ ಕಥೆಯೂ ಸಿಕ್ಕಿತು. ಸ್ವಲ್ಪ ಉದ್ದವಾಗಿದೆ. ಕಾಫಿ ಇಟ್ಟುಕೊಂಡು ಕೂತುಕೊಳ್ಳಿ.

* * *

ಹೊಸಕೆರೆಹಳ್ಳಿ ಗೊತ್ತಿಲ್ಲದವರಿಗೆ ಒಂದು ಮಾತು. ಬನಶಂಕರಿ ಮೂರನೇ ಹಂತ ದಾಟಿ ರಿಂಗ್ ರಸ್ತೆಯಲ್ಲಿ ನಾಯಂಡಹಳ್ಳಿ ಕಡೆಗೆ ಹೋಗುವಾಗ ಸಿಗುವ ಊರು ಇದು. ಈಗ ಊರು ಅನ್ನುವುದಕ್ಕಿಂತ ಬಸ್ ಸ್ಟಾಪು ಅನ್ನಬೇಕೇನೋ. ಹೆಸರಿನಲ್ಲೇ ಕೆರೆ ಇದೆ. ದಾಖಲೆಯಲ್ಲಿ ಆ ಕೆರೆ ಸುಮಾರು 59 ಎಕರೆ. ಕೆರೆ ಇದ್ದಲ್ಲಿ ಏರಿ, ಏರಿ ಇದ್ದಲ್ಲಿ ಅದರ ಕೆಳಗೆ ಗದ್ದೆ, ತೋಟ. ಬೆಂಗಳೂರಿನ ಸುತ್ತಲಿನ ಎಲ್ಲ ಹಳ್ಳಿಗಳ ಲೆಕ್ಕವೂ ಹೀಗೇ ತಾನೇ?

ಇಲ್ಲಿಂದ ಪೂರ್ವಕ್ಕೆ ಸ್ವಲ್ಪ ದೂರದಲ್ಲೇ ಬಸವನಗುಡಿ. ಕಡಲೆಕಾಯಿ ಪರಿಷೆಯ ಕಥೆ ನಿಮಗೆಲ್ಲ ಗೊತ್ತಿರುತ್ತೆ. ಸುಂಕೇನಹಳ್ಳಿ, ಗವಿಪುರ, ಗುಟ್ಟಹಳ್ಳಿ ಕಡೆಯ ರೈತರ ಕಡಲೆಕಾಯಿ ಹೊಲಕ್ಕೆ ಹುಣ್ಣಿಮೆ ರಾತ್ರಿಗಳಲ್ಲಿ ಒಂದು ಬಸವ ನುಗ್ಗಿ ಬೆಳೆ ತಿನ್ನುತ್ತಿತ್ತಂತೆ. ಬೆನ್ನಟ್ಟಿ ಹೋದರೆ ಗುಡ್ಡದ ಮೇಲೆ ಕಲ್ಲಾಗಿ ಕೂತಿತ್ತಂತೆ. ಅದಕ್ಕೆ ಗುಡಿ ಕಟ್ಟಿದರು. ಅಂದಿನಿಂದ ಮೊದಲ ಬೆಳೆಯನ್ನು ಅದಕ್ಕೇ ಒಪ್ಪಿಸುವ ಪದ್ಧತಿ, ಅದೇ ಕಾರ್ತೀಕದ ಕೊನೆಯ ಸೋಮವಾರದ ಪರಿಷೆ. ನಾನು ಇದನ್ನು ಚಿಕ್ಕಂದಿನಿಂದ ಭಕ್ತಿಯ ಕಥೆ ಅಂತಲೇ ಕೇಳಿದ್ದೆ. ಈ ಸಲ ಓದುವಾಗ ಬೇರೆ ಥರ ಕಂಡಿತು. ಬೆಳೆ ಕದ್ದವನ ಜೊತೆ ರಾಜಿ ಮಾಡಿಕೊಂಡ ಊರಿನ ಕಥೆ ಇದು. ಅವನನ್ನು ಓಡಿಸಲಿಲ್ಲ, ಅವನ ಪಾಲು ಎತ್ತಿಟ್ಟರು.

ಹಕ್ಕಿಗಳಿಗೆ ಯಾರೂ ಗುಡಿ ಕಟ್ಟಲಿಲ್ಲ ಬಿಡಿ. ಆದರೆ ಪಾಲು ಮಾತ್ರ ಇತ್ತು.

ನಮ್ಮ ತಾತ ಏರಿಯ ಕೆಳಗೆ ಮುಕ್ಕಾಲು ಎಕರೆ ತೋಟ ಮಾಡಿದ್ದರು. ಸೀಬೆ, ಒಂದೆರಡು ಮಾವು, ಬೇಲಿಯ ಬದಿಗೆ ನೇರಳೆ, ಬಾವಿಯ ಹತ್ತಿರ ಒಂದು ಸಪೋಟ. ನಾನು ಪ್ರೈಮರಿ ಸ್ಕೂಲಿನಲ್ಲಿದ್ದಾಗ, ಅಂದರೆ ಎಂಬತ್ತರ ದಶಕದಲ್ಲಿ, ಬೇಸಿಗೆ ರಜೆ ಬಂದರೆ ನನಗೆ ಅಲ್ಲಿ ಉದ್ಯೋಗ: ಗಿಳಿ ಓಡಿಸುವುದು. ಒಂದು ಹಳೇ ಡಾಲ್ಡಾ ಡಬ್ಬ, ಒಂದು ಕೋಲು. ಗಿಳಿ ಹಿಂಡು ಕಿರುಚುತ್ತಾ ಬಂದಾಗ ಢಣ ಢಣ ಬಡಿಯಬೇಕು. ಗಿಳಿಗೆ ಕೆಟ್ಟ ಬುದ್ಧಿ. ಒಂದು ಹಣ್ಣನ್ನು ಪೂರ್ತಿ ತಿನ್ನುವುದಿಲ್ಲ. ಎರಡು ಸಲ ಕಚ್ಚಿ, ಕೆಳಗೆ ಬೀಳಿಸಿ, ಮುಂದಿನದಕ್ಕೆ ಕೈ... ಅಲ್ಲ, ಕೊಕ್ಕು ಹಾಕುತ್ತೆ. ತಾತ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು. ಆದರೆ ಪ್ರತಿ ಮರದ ತುದಿ ಕೊಂಬೆಗೆ ದೋಟಿ ಹಾಕಲು ಬಿಡುತ್ತಿರಲಿಲ್ಲ. "ಅದು ಅವಕ್ಕೆ" ಅಂತಿದ್ದರು. ನಾನು ಡಬ್ಬ ಬಡಿಯುವಾಗ ತುದಿ ಕೊಂಬೆಯಲ್ಲಿ ಕೂತ ಗಿಳಿಯನ್ನು ಲೆಕ್ಕಕ್ಕೆ ಹಿಡಿಯುವ ಹಾಗಿರಲಿಲ್ಲ. ಅದು ಒಪ್ಪಂದ.

ಗಿಳಿ ಒಂದೇ ಅಲ್ಲ. ನೇರಳೆಗೆ ಕೋಗಿಲೆ ಬರುತ್ತಿತ್ತು. ಪಿಕಳಾರ, ಗೊರವಂಕ, ಹಸಿರು ಮೈಯ ಕುಟ್ರುಹಕ್ಕಿ. ಕುಟ್ರು ಕುಟ್ರು ಅಂತ ಇಡೀ ಮಧ್ಯಾಹ್ನ ಕೂಗಿ ನಿದ್ದೆ ಕೆಡಿಸುತ್ತಿತ್ತು. ಇವು ತಿನ್ನುವುದಕ್ಕೆ ಬದಲಾಗಿ ಕೊಡುವುದೂ ಇತ್ತು. ನಮ್ಮ ನಾಡಿನ ಹೆಮ್ಮೆಯ ಗಂಧದ ಮರವನ್ನೇ ತಗೊಳ್ಳಿ. ಕಾಡಿನಲ್ಲಿ ಅದನ್ನು ಬಿತ್ತುವವರು ಇದೇ ಕೋಗಿಲೆ, ಪಿಕಳಾರ, ಕುಟ್ರುಹಕ್ಕಿಗಳು. ಹಣ್ಣು ತಿಂದು ಬೀಜ ಹಾಕಿ ಹೋಗುತ್ತವೆ, ಅಷ್ಟೇ ಅವುಗಳ ವ್ಯವಸಾಯ.

ಸರ್ಕಾರಕ್ಕೂ ಒಮ್ಮೆ ಈ ಲೆಕ್ಕ ಬೇಕಾಗಿತ್ತು. ಬಿಹಾರದ ಪೂಸಾದಲ್ಲಿದ್ದ ಕೃಷಿ ಸಂಶೋಧನಾ ಸಂಸ್ಥೆಯವರು ಹಕ್ಕಿಗಳ ಹೊಟ್ಟೆ ಬಗೆದು, ಒಳಗೆ ಏನೇನಿದೆ ಅಂತ ಪಟ್ಟಿ ಮಾಡಿದರು. ಮೇಸನ್ ಮತ್ತು ಮ್ಯಾಕ್ಸ್‌ವೆಲ್ ಲೆಫ್ರಾಯ್ ಎಂಬಿಬ್ಬರು 1912ರಲ್ಲಿ ಅದನ್ನು ಪ್ರಕಟಿಸಿದರು. ಯಾವ ಹಕ್ಕಿ ರೈತನ ಮಿತ್ರ, ಯಾವುದು ಶತ್ರು? ಹೊಟ್ಟೆಯೊಳಗೆ ಹಣ್ಣೂ ಇರುತ್ತೆ, ಬೆಳೆ ತಿನ್ನುವ ಹುಳವೂ ಇರುತ್ತೆ. ಗೊರವಂಕದಂಥ ಹಕ್ಕಿ ಬೆಳಿಗ್ಗೆ ಕಳ್ಳ, ಸಂಜೆ ಕಾವಲುಗಾರ. ತಾತನ ತುದಿ ಕೊಂಬೆಯ ಲೆಕ್ಕ ಅಷ್ಟೇನೂ ತಪ್ಪಿರಲಿಲ್ಲ ಅನ್ನಿಸಿತು.

* * *

ಈಗ ಗಾಳಿಯ ಕಡೆ ಬರ್ತೀನಿ.

ಮಸಿ ಅಂದರೆ ನಮಗೆ ನೆನಪಾಗುವುದು ಲಂಡನ್ನಿನ, ಮ್ಯಾಂಚೆಸ್ಟರಿನ ಹೊಗೆಕೊಳವೆಗಳು. ಬೆಂಗಳೂರಿನ ಜಾತಕ ಬೇರೆ. ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪ ಬೆಳಗಿತು. ಹಬೆ ಇಂಜಿನ್ನಿನ ರೈಲು, ಗಿರಣಿಗಳ ಹೊಗೆ, ಇಟ್ಟಿಗೆ ಗೂಡು, ಸೌದೆ ಒಲೆ ಎಲ್ಲ ಇದ್ದವು, ನಿಜ. ಆದರೆ ಊರು ದೊಡ್ಡದಾದದ್ದು ಕಲ್ಲಿದ್ದಲಿನ ಮೇಲಲ್ಲ, ನೀರಿನ ಕರೆಂಟಿನ ಮೇಲೆ. ನಮ್ಮ ಮಸಿ ಬಂದದ್ದು ಚಿಮಣಿಯಿಂದಲ್ಲ, ಸೈಲೆನ್ಸರಿನಿಂದ. ತಡವಾಗಿ ಬಂತು, ಬಂದಾಗ ಮನೆ ಬಾಗಿಲಿಗೇ ಬಂತು.

1945ರಲ್ಲಿ ನಗರಾಭಿವೃದ್ಧಿಗೆ ಸಿಐಟಿಬಿ ಶುರುವಾಯಿತು. 1948ರಲ್ಲಿ ಜಯನಗರ. ಆಮೇಲೆ ಬನಶಂಕರಿಯ ಹಂತಗಳು ಒಂದೊಂದಾಗಿ. 1976ರಲ್ಲಿ ಬಿಡಿಎ. ಪ್ರತಿ ಹಂತವೂ ಯಾರದೋ ಹೊಲ, ಯಾರದೋ ತೋಟ. 1996ರಿಂದ 2002ರವರೆಗೆ ಬಿಡಿಎ ಹೊರ ವರ್ತುಲ ರಸ್ತೆ ಮಾಡಿತು. ನಮ್ಮ ಊರನ್ನು ಸೀಳಿಕೊಂಡು ಹೋದ ರಿಂಗ್ ರಸ್ತೆ ಅದೇ. ಮೊದಲು ಜಲ್ಲಿ ಲಾರಿ, ಆಮೇಲೆ ಮರಳು ಲಾರಿ, ಆಮೇಲೆ ಎಲ್ಲಾ ಲಾರಿ. ಜೊತೆಗೆ ಎರಡು ಸ್ಟ್ರೋಕಿನ ಆಟೋಗಳು, ಸ್ಕೂಟರುಗಳು, ನೀಲಿ ಹೊಗೆ.

ತಾತನ ಸೀಬೆ ಎಲೆಗಳು ಆಗಲೇ ಬೂದು ಬಣ್ಣಕ್ಕೆ ತಿರುಗಿದ್ದು. ಎಲೆಯ ಮೇಲೆ ಧೂಳು ಕೂತರೆ ಅದರ ಉಸಿರಾಟದ ಸಣ್ಣ ರಂಧ್ರಗಳು ಮುಚ್ಚುತ್ತವೆ, ಬಿಸಿಲು ಒಳಗೆ ಇಳಿಯುವುದಿಲ್ಲ, ಅಡುಗೆ ನಿಧಾನವಾಗುತ್ತೆ. ಇದನ್ನು ನಾನು ಈಗ ಓದಿ ಹೇಳ್ತಿದ್ದೀನಿ. ತಾತನಿಗೆ ಗೊತ್ತಾಗಿದ್ದು ಸಂತೆಯಲ್ಲಿ. "ಏನ್ ಯಜಮಾನ್ರೇ, ಬೂದೀಲಿ ಹೊರಳಿಸಿ ತಂದಿದ್ದೀರಾ?" ಅಂತ ಯಾರೋ ನಕ್ಕರಂತೆ. ಬಾವಿ ನೀರಿನಲ್ಲಿ ತೊಳೆದು ಒಯ್ದರು. ಕೆಲವು ವರ್ಷ ಅಷ್ಟೇ. ಒಂದು ಕಡೆ ಬಾವಿ ಇಳಿಯಿತು, ಇನ್ನೊಂದು ಕಡೆ ಸೈಟಿನ ರೇಟು ಏರಿತು. ತೋಟ ಲೇಔಟ್ ಆಯಿತು. ಅಪ್ಪ, ಚಿಕ್ಕಪ್ಪಂದಿರು ಸಹಿ ಹಾಕಿದರು. ತಾತನೂ ಹಾಕಿದರು, ಹೆಬ್ಬೆಟ್ಟು.

ನಾನೀಗ ಕೂತು ಇದನ್ನು ಬರೆಯುತ್ತಿರುವ ಮನೆ ಅದೇ ತೋಟದ ಮೂವತ್ತು ನಲವತ್ತು ಸೈಟಿನಲ್ಲಿದೆ. ಹಿತ್ತಲಲ್ಲಿ ಉಳಿದದ್ದು ಒಂದೇ ಸೀಬೆ ಮರ. ಬೇರೆಯವರ ಮೇಲೆ ಬೆರಳು ಮಾಡಿ ಬರೆಯುತ್ತಿಲ್ಲ ಅಂತ ನಿಮಗೆ ಗೊತ್ತಾಗಲಿ ಅಂತ ಇದನ್ನು ಹೇಳಿದೆ. ಗೇಟಿನ ಒಳಗೆ ಒಂದು ಕಾರೂ ಇದೆ. 2023ರ ಹೊತ್ತಿಗೆ ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿದ್ದವು. ಅದರಲ್ಲಿ ಒಂದು ನನ್ನದು.

ಇನ್ನೊಂದು ವಿಷ ಕಣ್ಣಿಗೆ ಕಾಣುತ್ತಿರಲಿಲ್ಲ. ನಾನು ಹುಡುಗನಾಗಿದ್ದಾಗ ನಮ್ಮ ಪೆಟ್ರೋಲಿನಲ್ಲಿ ಸೀಸ ಇತ್ತು. ಇಂಜಿನ್ ಬಡಿದುಕೊಳ್ಳದಿರಲಿ ಅಂತ ಅಮೆರಿಕದ ಥಾಮಸ್ ಮಿಜ್ಲಿ 1921ರಲ್ಲಿ ಕಂಡುಹಿಡಿದ ಉಪಾಯ. ಹೊಗೆಯ ಜೊತೆ ಹೊರಬಂದ ಸೀಸ ರಸ್ತೆ ಪಕ್ಕದ ಮಣ್ಣಿನಲ್ಲಿ, ಎಲೆಯ ಮೇಲೆ, ಹಣ್ಣಿನ ಸಿಪ್ಪೆಯ ಮೇಲೆ ಕೂರುತ್ತಿತ್ತು. ನಾವು ತೊಳೆದುಕೊಂಡು ತಿಂದೆವು, ಹಕ್ಕಿಗಳು ಹಾಗೇ ತಿಂದವು. ಭಾರತದಲ್ಲಿ 2000ದ ಫೆಬ್ರವರಿ 1ರಿಂದ ಸೀಸದ ಪೆಟ್ರೋಲ್ ನಿಂತಿತು. ಜಗತ್ತಿನಲ್ಲಿ ಕೊನೆಯದಾಗಿ ನಿಲ್ಲಿಸಿದ್ದು ಅಲ್ಜೀರಿಯ, 2021ರಲ್ಲಿ. ಸೀಸ ಮಾತ್ರ ಕೊಳೆಯುವ ವಸ್ತು ಅಲ್ಲ. ಬಿದ್ದ ಮಣ್ಣಿನಲ್ಲೇ ಇರುತ್ತೆ.

* * *

ಮಗಳ ಪ್ರಶ್ನೆಗೆ ವಾಪಸ್ ಬರೋಣ. ಕಪ್ಪು ಹಕ್ಕಿಯ ಹೊಟ್ಟೆಗೆ ಹೋಗುತ್ತಾ?

ಹೋಗುತ್ತೆ. ಆದರೆ ಹೊಟ್ಟೆಗಿಂತ ಮೊದಲು ಎದೆಗೆ ಹೋಗುತ್ತೆ. ಹಕ್ಕಿಯ ಉಸಿರಾಟ ನಮ್ಮ ಥರ ಅಲ್ಲ. ನಾವು ಗಾಳಿ ಎಳೆದುಕೊಂಡು ಅದೇ ದಾರಿಯಲ್ಲಿ ಹೊರಗೆ ಬಿಡ್ತೀವಿ. ಒಳಗೆ ಹಳೇ ಗಾಳಿ ಒಂದಿಷ್ಟು ಉಳಿದೇ ಇರುತ್ತೆ. ಹಕ್ಕಿಗೆ ಶ್ವಾಸಕೋಶದ ಜೊತೆ ಮೈಯೆಲ್ಲ ಹರಡಿದ ಗಾಳಿಚೀಲಗಳಿವೆ, ಸಾಮಾನ್ಯವಾಗಿ ಒಂಬತ್ತು. ಅವು ತಿದಿಯ ಹಾಗೆ ಕೆಲಸ ಮಾಡಿ ಗಾಳಿಯನ್ನು ಶ್ವಾಸಕೋಶದೊಳಗೆ ಒಂದೇ ದಿಕ್ಕಿನಲ್ಲಿ ತಳ್ಳುತ್ತವೆ. ಉಸಿರು ಎಳೆದಾಗಲೂ ಹೊಸ ಗಾಳಿ, ಬಿಟ್ಟಾಗಲೂ ಹೊಸ ಗಾಳಿ. ರಕ್ತಕ್ಕೂ ಗಾಳಿಗೂ ನಡುವಿನ ಗೋಡೆ ನಮ್ಮದಕ್ಕಿಂತ ತೆಳು. ಹಾರುವುದಕ್ಕೆ ಇಷ್ಟೆಲ್ಲ ಆಮ್ಲಜನಕ ಬೇಕೇ ಬೇಕು. ಗಾಳಿ ಚೆನ್ನಾಗಿದ್ದರೆ ಇದು ವರ, ಕೆಟ್ಟಿದ್ದರೆ ಕೆಟ್ಟದ್ದೂ ಅಷ್ಟೇ ಸಲೀಸಾಗಿ ಒಳಗೆ.

ಇಂಗ್ಲೆಂಡಿನ ಗಣಿ ಕೆಲಸಗಾರರು ಪಂಜರದಲ್ಲಿ ಕ್ಯಾನರಿ ಹಕ್ಕಿ ಇಟ್ಟುಕೊಂಡು ಇಳಿಯುತ್ತಿದ್ದದ್ದು ಇದಕ್ಕೇ. ಜಾನ್ ಸ್ಕಾಟ್ ಹಾಲ್ಡೇನ್ ಎಂಬ ವಿಜ್ಞಾನಿ ಹೇಳಿಕೊಟ್ಟ ಉಪಾಯ. ಕಾರ್ಬನ್ ಮಾನಾಕ್ಸೈಡ್ ಇದ್ದರೆ ಮನುಷ್ಯನಿಗಿಂತ ಮೊದಲು ಹಕ್ಕಿ ಕುಸಿಯುತ್ತಿತ್ತು. 1911ರ ಸುಮಾರಿಗೆ ಶುರುವಾದ ಪದ್ಧತಿಗೆ ಕೊನೆ ಹಾಡಲು ತೀರ್ಮಾನಿಸಿದ್ದು 1986ರಲ್ಲಿ, ಇಲೆಕ್ಟ್ರಾನಿಕ್ ಯಂತ್ರ ಬಂದ ಮೇಲೆ. ಅಷ್ಟು ದೂರ ಯಾಕೆ, ಮನೆಯಲ್ಲಿ ಗಿಳಿ ಜಾತಿಯ ಹಕ್ಕಿ ಸಾಕಿದವರಿಗೆ ಪಶುವೈದ್ಯರು ಒಂದು ಎಚ್ಚರಿಕೆ ಕೊಡ್ತಾರೆ: ನಾನ್‌ಸ್ಟಿಕ್ ತವ ಖಾಲಿ ಇಟ್ಟು ಕಾಯಿಸಬೇಡಿ ಅಂತ. ಅತಿಯಾಗಿ ಕಾದ ಆ ಲೇಪನದ ಹೊಗೆ ಸಣ್ಣ ಹಕ್ಕಿಯನ್ನು ಕೊಂದೇ ಬಿಡುತ್ತೆ. ದೋಸೆ ಹಾಕುತ್ತಿರುವವರಿಗೆ ಏನೂ ಗೊತ್ತಾಗಿರುವುದಿಲ್ಲ.

ಇನ್ನು ಮೈಮೇಲಿನ ಮಸಿ. ಇದರ ಬಗ್ಗೆ ನಾನು ಓದಿದ್ದರಲ್ಲೇ ಅತ್ಯಂತ ಚಂದದ ಸಂಶೋಧನೆ ಹೇಳ್ತೀನಿ. ಶಿಕಾಗೋ ವಿಶ್ವವಿದ್ಯಾಲಯದ ಶೇನ್ ಡುಬೇ ಮತ್ತು ಕಾರ್ಲ್ ಫುಲ್ಡ್‌ನರ್ ಎಂಬ ಇಬ್ಬರು ವಿದ್ಯಾರ್ಥಿಗಳು, ಒಬ್ಬ ಜೀವವಿಜ್ಞಾನ, ಇನ್ನೊಬ್ಬ ಕಲಾ ಇತಿಹಾಸ. ಮ್ಯೂಸಿಯಮ್ಮಿನ ಡ್ರಾಯರುಗಳಲ್ಲಿ ಮಲಗಿಸಿಟ್ಟ ಹಳೇ ಹಕ್ಕಿಗಳನ್ನು ಮುಟ್ಟಿದರೆ ಕೈಗೆ ಕಪ್ಪು ಹತ್ತುತ್ತಿತ್ತು. ಇದು ಮ್ಯೂಸಿಯಮ್ಮಿನ ಧೂಳಲ್ಲ, ಹಕ್ಕಿ ಬದುಕಿದ್ದಾಗಿನ ಗಾಳಿಯ ಮಸಿ ಅಂತ ಅವರಿಗೆ ಹೊಳೆಯಿತು. ಐದು ಜಾತಿಯ 1,300ಕ್ಕೂ ಹೆಚ್ಚು ಹಕ್ಕಿಗಳ ಫೋಟೋ ತೆಗೆದು, ಬಿಳಿ ಎದೆ ಎಷ್ಟು ಮಂಕಾಗಿದೆ ಅಂತ ಅಳೆದರು. 135 ವರ್ಷದ ಲೆಕ್ಕ ಸಿಕ್ಕಿತು. ಇಪ್ಪತ್ತನೇ ಶತಮಾನದ ಮೊದಲ ದಶಕದ ಹಕ್ಕಿಗಳು ಅತಿ ಕಪ್ಪು. ಮಹಾ ಆರ್ಥಿಕ ಕುಸಿತದಲ್ಲಿ ಕಾರ್ಖಾನೆ ಮುಚ್ಚಿದಾಗ ಹಕ್ಕಿ ಬೆಳ್ಳಗಾಯಿತು, ಯುದ್ಧ ಬಂದಾಗ ಮತ್ತೆ ಕಪ್ಪಾಯಿತು, ಮನೆಗಳು ಕಲ್ಲಿದ್ದಲು ಬಿಟ್ಟು ಗ್ಯಾಸಿಗೆ ಹೋದ ಮೇಲೆ ಮತ್ತೆ ಬೆಳ್ಳಗಾಯಿತು. 2017ರಲ್ಲಿ ಪ್ರಕಟವಾಯಿತು. ಇದು ಸಾಧ್ಯವಾದದ್ದು ಯಾಕೆ ಗೊತ್ತಾ? ಹಕ್ಕಿ ವರ್ಷಕ್ಕೊಮ್ಮೆ ಗರಿ ಬದಲಿಸುತ್ತೆ. ಹಾಗಾಗಿ ಅದರ ಮೈಮೇಲಿರುವುದು ಆಯಾ ವರ್ಷದ ಮಸಿ ಮಾತ್ರ. ಪ್ರತಿ ಹಕ್ಕಿಯೂ ಒಂದು ವರ್ಷದ ಡೈರಿ.

ಇದನ್ನು ಓದಿದಾಗ ನನಗೆ ನಮ್ಮ ನಾಡಿನ ಹಳೇ ಡೈರಿಗಳು ನೆನಪಾದವು. 1939-40ರ ಹೊತ್ತಿಗೆ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದ್ದರು. ಅದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1942-43ರಲ್ಲಿ ಬಂತು. ಆಗಿನ ಪದ್ಧತಿಯಂತೆ ಹಕ್ಕಿಗಳನ್ನು ಹೊಡೆದು, ಹತ್ತಿ ತುಂಬಿ, ಚೀಟಿ ಕಟ್ಟಿ ಸಂಗ್ರಹ ಮಾಡುತ್ತಿದ್ದರು. ರಿಂಗ್ ರಸ್ತೆಗೆ ಮುಂಚಿನ, ಸೀಸದ ಪೆಟ್ರೋಲು ಊರೆಲ್ಲ ತುಂಬುವುದಕ್ಕೆ ಮುಂಚಿನ ಮೈಸೂರು ಸೀಮೆಯ ಗಾಳಿ ಅಂಥ ಗರಿಗಳ ಮೇಲೆ ಕೂತಿರುತ್ತೆ ಅಂತ ಯೋಚಿಸಿ ಮೈ ಜುಮ್ಮೆಂದಿತು.

ಹಕ್ಕಿ ಸ್ನಾನ ಮಾಡಲ್ವಾ ಅಂದ್ರೆ, ಮಾಡುತ್ತೆ. ಆಮೇಲೆ ಕೊಕ್ಕಿನಿಂದ ಒಂದೊಂದೇ ಗರಿ ನೇವರಿಸಿ ಶುಚಿ ಮಾಡಿಕೊಳ್ಳುತ್ತೆ. ಗರಿಯ ಮೇಲಿದ್ದದ್ದು ಬಾಯಿಗೆ ಬರುತ್ತೆ. ಹಣ್ಣಿನಿಂದ ಬಂದದ್ದಕ್ಕೆ ಇದೂ ಸೇರುತ್ತೆ.

* * *

ಗಾಳಿ ಹಕ್ಕಿಯನ್ನು ಮುಟ್ಟಲು ಇನ್ನೊಂದು ದಾರಿ ಇದೆ: ಬೆಳೆಯ ಮೂಲಕ.

ಇದು ಹೊಸ ವಿಷಯವೇನಲ್ಲ. ಉತ್ತರ ಭಾರತದಲ್ಲಿ ಇಟ್ಟಿಗೆ ಗೂಡಿನ ಸುತ್ತಲಿನ ತೋಪುಗಳಲ್ಲಿ ಮಾವಿನಕಾಯಿಯ ತುದಿ ಕಪ್ಪಾಗಿ ಕೊಳೆಯುವ ಕಾಯಿಲೆಯನ್ನು ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲೇ ಗುರುತಿಸಿದ್ದರು. ಕಾರಣ ರೋಗಾಣು ಅಲ್ಲ, ಗೂಡಿನ ಹೊಗೆಯ ಅನಿಲಗಳು. ಕ್ಯಾಲಿಫೋರ್ನಿಯಾದ ದ್ರಾಕ್ಷಿ ಎಲೆಗಳ ಮೇಲೆ ಏಳುತ್ತಿದ್ದ ಸಣ್ಣ ಕಪ್ಪು ಚುಕ್ಕೆಗಳಿಗೆ ಕಾರಣ ಓಝೋನ್ ಅಂತ 1958ರಲ್ಲಿ ಪತ್ತೆಯಾಯಿತು. ಓಝೋನ್ ಯಾವ ಸೈಲೆನ್ಸರಿನಿಂದಲೂ ನೇರವಾಗಿ ಬರುವುದಿಲ್ಲ. ವಾಹನದ ಹೊಗೆಗೆ ಬಿಸಿಲು ತಾಗಿ ಗಾಳಿಯಲ್ಲೇ ಹುಟ್ಟುತ್ತೆ, ಗಾಳಿಯ ಜೊತೆ ಊರಾಚೆಯ ತೋಟಗಳಿಗೂ ಹೋಗುತ್ತೆ. ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆಯುವುದು ಎಲ್ಲಿ? ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ. ಬಿಸಿಲಿಗೂ ಹೊಗೆಗೂ ನಡುವೆ.

ಎಲೆ, ಕಾಯಿ ಆಯಿತು. ಹೂವು? ಇಲ್ಲಿ ಬೆಂಗಳೂರಿನದ್ದೇ ಒಂದು ಸಂಶೋಧನೆ ಇದೆ. ಎನ್‌ಸಿಬಿಎಸ್‌ನ ಗೀತಾ ತಿಮ್ಮೇಗೌಡ, ಶ್ಯಾನನ್ ಓಲ್ಸನ್ ಮತ್ತು ಸಂಗಡಿಗರು ನಗರದ ಒಳಗೂ ಹೊರಗೂ ಬೇರೆ ಬೇರೆ ಗಾಳಿಯ ಜಾಗಗಳಲ್ಲಿ 1,800ಕ್ಕೂ ಹೆಚ್ಚು ಹೆಜ್ಜೇನುಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು. ಗಾಳಿ ಕೆಟ್ಟ ಕಡೆ ಜೇನು ಹೂವಿಗೆ ಬರುವುದೇ ಕಡಿಮೆ. ಬಂದ ಜೇನಿನ ಮೈಮೇಲೆ ಸೂಕ್ಷ್ಮ ಕಣಗಳು, ಹೃದಯದ ಬಡಿತದಲ್ಲಿ ಏರುಪೇರು. ಮಧ್ಯಮ ಮತ್ತು ಹೆಚ್ಚು ಮಾಲಿನ್ಯದ ಜಾಗಗಳಿಂದ ಹಿಡಿದು ತಂದವುಗಳಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ಒಂದೇ ದಿನದೊಳಗೆ ಸತ್ತವು. ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಜೇನು ಬಾರದ ಹೂವು ಸರಿಯಾಗಿ ಕಾಯಿ ಕಚ್ಚುವುದಿಲ್ಲ. ಕಾಯಿ ಇಲ್ಲದಲ್ಲಿ ಕೋಗಿಲೆಗೇನು ಕೆಲಸ?

ಹುಳದ ಲೆಕ್ಕ ಇಲ್ಲಿಗೇ ಮುಗಿಯಲ್ಲ. ಪಿಕಳಾರ, ಗೊರವಂಕ, ಕುಟ್ರುಹಕ್ಕಿ ತಾವು ಹಣ್ಣು ತಿಂದರೂ ಮರಿಗೆ ಹುಳ ತಿನ್ನಿಸುತ್ತವೆ. ಎಳೇ ಮರಿಗೆ ಬರೀ ಹಣ್ಣು ಸಾಲುವುದಿಲ್ಲ. ಗಾಳಿ ಹುಳವನ್ನು ಮುಟ್ಟಿದರೆ ಗೂಡನ್ನು ಮುಟ್ಟಿದ ಹಾಗೇ.

ಒಂದು ನನ್ನ ಊಹೆ, ಊಹೆ ಅಂತಲೇ ತಗೊಳ್ಳಿ. ದ್ರಾಕ್ಷಿ, ನೇರಳೆಯ ಮೇಲೆ ತೆಳುವಾದ ಬಿಳಿ ಮೇಣದ ಪದರ ಇರುತ್ತಲ್ಲ, ಅಂಥ ಮೇಣ ಅತಿನೇರಳೆ ಬೆಳಕನ್ನು ಪ್ರತಿಫಲಿಸುತ್ತೆ. ನಮಗೆ ಕಾಣದ ಆ ಬೆಳಕು ಹಕ್ಕಿಗೆ ಕಾಣುತ್ತೆ. ಕೆಲವು ಹಕ್ಕಿಗಳು ಹಾಗೆ ಹೊಳೆಯುವ ಹಣ್ಣನ್ನೇ ಆರಿಸಿಕೊಳ್ಳುತ್ತವೆ ಅಂತ ಯುರೋಪಿನಲ್ಲಿ ಪ್ರಯೋಗ ಮಾಡಿ ನೋಡಿದ್ದಾರೆ. ಅದರ ಮೇಲೆ ರಸ್ತೆಯ ಧೂಳು ಕೂತರೆ? ಮಾಗಿದೆ ಬಾ ಅಂತ ಮರ ಹಚ್ಚಿದ ದೀಪವನ್ನು ನಾವು ಆರಿಸಿದ ಹಾಗೆ ಅಲ್ವಾ?

* * *

ಇಷ್ಟೆಲ್ಲ ಬರೆದು, ಹೊಸಕೆರೆಹಳ್ಳಿಯ ಗಿಳಿಗಳು ಕಡಿಮೆಯಾದದ್ದು ಹೊಗೆಯಿಂದಲೇ ಅಂದರೆ ಸುಳ್ಳು ಹೇಳಿದ ಹಾಗಾಗುತ್ತೆ. ಅವು ಮೊದಲು ಕಳೆದುಕೊಂಡದ್ದು ಮರವನ್ನು. ಗಿಳಿ ಗೂಡು ಮಾಡುವುದು ಹಳೇ ಮರದ ಪೊಟರೆಯಲ್ಲಿ. ಮೂವತ್ತು ನಲವತ್ತರ ಸೈಟಿನಲ್ಲಿ ಪೊಟರೆ ಎಲ್ಲಿಂದ ಬರಬೇಕು? ಪಂಜರಕ್ಕೆ ಹಿಡಿದವರೂ ಇದ್ದರು. ದೇಶದ ಹಕ್ಕಿಗಳ ವ್ಯಾಪಾರಕ್ಕೆ ನಿಷೇಧ ಬಂದದ್ದು 1990-91ರಲ್ಲಷ್ಟೇ.

ಆದರೆ ಮರದ ಲೆಕ್ಕ, ಗಾಳಿಯ ಲೆಕ್ಕ ಬೇರೆ ಬೇರೆ ಅಲ್ಲ ಅಂತ ಈಗ ಗೊತ್ತಾಯಿತು. ಬೆಂಗಳೂರಿನ ರಸ್ತೆಗಳಲ್ಲೇ ಮಾಡಿದ ಇನ್ನೊಂದು ಅಧ್ಯಯನ, ಹರಿಣಿ ನಾಗೇಂದ್ರ ಮತ್ತು ಸಂಗಡಿಗರದ್ದು, 2013ರಲ್ಲಿ ಬಂದದ್ದು. ಮರವಿರುವ ರಸ್ತೆಯಲ್ಲಿ ಮರವಿಲ್ಲದ ರಸ್ತೆಗಿಂತ ಮಧ್ಯಾಹ್ನದ ಗಾಳಿ 5.6 ಡಿಗ್ರಿಯಷ್ಟು ತಂಪು, ಗಂಧಕದ ಡೈಆಕ್ಸೈಡ್ ಶೇಕಡಾ 65ರಷ್ಟು ಕಡಿಮೆ ಕಂಡದ್ದುಂಟು. ಮರವಿದ್ದ ಹತ್ತು ಕಡೆಗಳಲ್ಲಿ ಎಂಟರಲ್ಲಿ ತೇಲುವ ಧೂಳು ಮಿತಿಯೊಳಗೆ. ತಾತನ ಸೀಬೆ ಎಲೆ ಬೂದಾಗಿದ್ದು ಯಾಕೆ ಅಂತ ಈಗ ಅರ್ಥವಾಯಿತು. ಅದು ರಸ್ತೆಯ ಧೂಳನ್ನು ಹಿಡಿದಿಟ್ಟುಕೊಂಡಿತ್ತು. ಇಲ್ಲದಿದ್ದರೆ ನಮ್ಮ ಎದೆಗೆ ಬರುತ್ತಿದ್ದ ಧೂಳು ಅದು. ಸಂತೆಯಲ್ಲಿ ಅದಕ್ಕೇ ನಕ್ಕರು, ಅದಕ್ಕೇ ಬೆಲೆ ಇಳಿಯಿತು, ಅದನ್ನೇ ಕಡಿದೆವು. ಒಂದೇ ಕೊಡಲಿ ಏಟಿಗೆ ಹಕ್ಕಿಯ ಊಟವೂ ಹೋಯಿತು, ಅದರ ಗಾಳಿಯೂ ಹೋಯಿತು, ನಮ್ಮದೂ ಹೋಯಿತು.

ನಿರಾಸೆಯಲ್ಲೇ ಮುಗಿಸುವುದು ನನಗಿಷ್ಟವಿಲ್ಲ. ಒಂದು ಒಳ್ಳೆ ಸುದ್ದಿಯೂ ಇದೆ. ಅಮೆರಿಕದಲ್ಲಿ ಜನ ತಾವು ಕಂಡ ಹಕ್ಕಿಗಳನ್ನು ಇ-ಬರ್ಡ್ ತಾಣದಲ್ಲಿ ದಾಖಲಿಸಿದ್ದನ್ನೂ ಗಾಳಿಯ ಅಂಕಿಗಳನ್ನೂ ಪಕ್ಕಪಕ್ಕ ಇಟ್ಟು 2020ರಲ್ಲಿ ಒಂದು ತಂಡ ಲೆಕ್ಕ ಹಾಕಿತು. ಓಝೋನ್ ಕಡಿಮೆ ಮಾಡಿದ ಕಾನೂನುಗಳಿಂದಾಗಿ ನಲವತ್ತು ವರ್ಷಗಳಲ್ಲಿ ಸುಮಾರು 150 ಕೋಟಿ ಹಕ್ಕಿಗಳು ಉಳಿದವಂತೆ. ಹೆಚ್ಚು ಲಾಭ ಆದದ್ದು ಸಣ್ಣ ಹಕ್ಕಿಗಳಿಗೆ. ಆ ಕಾನೂನುಗಳನ್ನು ಹಕ್ಕಿಗಾಗಿ ಮಾಡಿರಲಿಲ್ಲ, ಮನುಷ್ಯರ ಕೆಮ್ಮಿಗಾಗಿ ಮಾಡಿದ್ದರು! ನಮ್ಮಲ್ಲೂ ಸೀಸ ತೆಗೆದದ್ದು ಮಕ್ಕಳಿಗಾಗಿ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ನಿಯಮ ನಮ್ಮ ಶ್ವಾಸಕೋಶಕ್ಕಾಗಿ. ತುದಿ ಕೊಂಬೆಯ ಹಾಗೆ ಅದರಲ್ಲಿ ಹಕ್ಕಿಗೂ ಒಂದು ಪಾಲು ತಾನಾಗಿ ಸಿಗುತ್ತೆ.

ಆ ನಿಯಮ ಬಂದಾಗ ಲಾಕ್‌ಡೌನ್ ಶುರುವಾಗಿ ಒಂದು ವಾರ ಆಗಿತ್ತು. ರಿಂಗ್ ರಸ್ತೆಯಲ್ಲಿ ಒಂದು ಗಾಡಿ ಇಲ್ಲ. ಆ ಮಧ್ಯಾಹ್ನಗಳಲ್ಲಿ ಎಲ್ಲಿಂದಲೋ ಕುಟ್ರು ಕುಟ್ರು ಕೇಳಿಸಿತು. ವರ್ಷಗಳ ಮೇಲೆ. ಹಕ್ಕಿ ಹೊಸದಾಗಿ ಬಂದಿತ್ತೋ, ಅಲ್ಲೇ ಇದ್ದದ್ದು ಆಗ ಕೇಳಿಸಿತೋ... ಹಿಂದಿನ ಬೀದಿಯ ಗಸಗಸೆ ಹಣ್ಣಿನ ಮರದಲ್ಲಿತ್ತು. ತಾತ ಆಗ ಇರಲಿಲ್ಲ. ಇದ್ದಿದ್ದರೆ ನಿದ್ದೆ ಕೆಡಿಸಿತು ಅಂತ ಬೈಯುತ್ತಿದ್ದರು.

* * *

ಮಗಳಿಗೆ ಇಷ್ಟೆಲ್ಲ ಹೇಳಿದೆ, ಅವಳಿಗೆ ಅರ್ಥವಾಗುವ ಮಟ್ಟಿಗೆ. ಕೇಳಿ ಅವಳು ಒಂದೇ ಮಾತು ಹೇಳಿದಳು: "ಹಕ್ಕಿಗೆ ತೊಳೆಯಕ್ಕೆ ಬರಲ್ಲ ಅಂದ್ರೆ ನಾವೇ ಮರ ತೊಳೆಯೋಣ."

ಹಾಗಾಗಿ ಈಗ ಶನಿವಾರ ಸಂಜೆ ನಮ್ಮಿಬ್ಬರಿಗೂ ಕೆಲಸ. ನೀರಿನ ಫಿಲ್ಟರಿನಿಂದ ಪೋಲಾಗುವ ನೀರನ್ನು ವಾರವಿಡೀ ಡ್ರಮ್ಮಿನಲ್ಲಿ ಹಿಡಿದಿಟ್ಟು, ಗಿಡಕ್ಕೆ ಔಷಧಿ ಹೊಡೆಯುವ ಪಂಪಿನಲ್ಲಿ ಸೀಬೆ ಮರದ ಎಲೆ, ಕಾಯಿಗೆ ಹೊಡೆಯುತ್ತೇವೆ. ಕೆಳಗೆ ಬೀಳುವ ನೀರು ಇನ್ನೂ ತೆಳು ಕಾಫಿಯೇ. ಇದರಿಂದ ಹೊಸಕೆರೆಹಳ್ಳಿಯ ಗಾಳಿ ಸರಿಯಾಗಲ್ಲ, ಅಷ್ಟು ನನಗೂ ಗೊತ್ತು. ಹತ್ತಿರದ ಕೆಲಸಕ್ಕೆ ಕಾರು ತೆಗೆಯುವುದನ್ನು ನಿಲ್ಲಿಸಿದ್ದೇನೆ, ಅದು ಇದಕ್ಕಿಂತ ಉಪಯೋಗದ್ದು. ತುದಿ ಕೊಂಬೆಯ ಹಣ್ಣು ಕೀಳುವುದನ್ನೂ ಬಿಟ್ಟಿದ್ದೇವೆ.

ಮೊನ್ನೆ ಭಾನುವಾರ ಬೆಳಿಗ್ಗೆ ಎರಡು ಗಿಳಿ ಬಂದವು. ಎರಡು ಸಲ ಕಚ್ಚಿ, ಕೆಳಗೆ ಬೀಳಿಸಿ, ಮುಂದಿನದಕ್ಕೆ ಹೋದವು. ಜಾತಿ ಬುದ್ಧಿ ಬಿಟ್ಟಿಲ್ಲ. ಮಗಳು ಬಿದ್ದ ಅರ್ಧ ಹಣ್ಣನ್ನು ಎತ್ತಿ ತಂದು, ಬಿಳಿ ಬಟ್ಟೆಯಲ್ಲಿ ಒರೆಸಿ ನನಗೆ ತೋರಿಸಿದಳು. ಬಟ್ಟೆ ಕಪ್ಪಾಗಲಿಲ್ಲ. ಆದರೆ ಬೆಳ್ಳಗೂ ಇರಲಿಲ್ಲ.

ನಿಮ್ಮ ಊರಿನಲ್ಲಿ, ನಿಮ್ಮ ಬೀದಿಯಲ್ಲಿ ಯಾವ ಹಣ್ಣಿಗೆ ಯಾವ ಹಕ್ಕಿ ಬರುತ್ತೆ? ಮೊದಲು ಬರುತ್ತಿದ್ದದ್ದು ಈಗ ಬರುತ್ತಿಲ್ಲವಾ? ನಿಮ್ಮ ತಾತ, ಅಜ್ಜಿಯರನ್ನು ಕೇಳಿ ವರ್ಷದ ಸಮೇತ ಬರೆದಿಡಿ. ನನಗೂ ತಿಳಿಸಿ. ಹಕ್ಕಿಗಳು ಗರಿಯ ಮೇಲೆ ಬರೆದುಕೊಂಡ ಡೈರಿ ವರ್ಷಕ್ಕೊಮ್ಮೆ ಉದುರಿ ಹೋಗುತ್ತೆ. ನಮ್ಮದಾದರೂ ಉಳಿಯಲಿ.